ಸಿಆರ್‌ಪಿ ಏರಿದ್ದಾಗ ಬಂದ ಸೆಲೆನಿಯಂ ರಿಪೋರ್ಟ್ ಹೇಗೆ ಓದಬೇಕು? (ಮನೆಯಲ್ಲೇ ಟಿಪಿಎನ್)

ತುಂಗಾತೀರ, ಶಿವಮೊಗ್ಗ
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಕರುಳಿನ ರಕ್ತನಾಳ ಕಟ್ಟಿಕೊಂಡು ಸಣ್ಣಕರುಳಿನ ಬಹುಭಾಗ ತೆಗೆದಿದ್ದಾರೆ. ಎರಡು ವರ್ಷ ಆಗ್ತಾ ಬಂತು. ವಾರಕ್ಕೆ ಐದು ರಾತ್ರಿ ಮನೆಯಲ್ಲೇ ಟಿಪಿಎನ್ (ನೇರ ರಕ್ತನಾಳಕ್ಕೆ ಹೋಗುವ ಆಹಾರ) ಕೊಡ್ತೀವಿ, ಅದಕ್ಕೆ ಎದೆಯ ಹತ್ತಿರ ಲೈನ್ (ಕೊಳವೆ) ಇದೆ. ಬಾಯಲ್ಲಿ ಗಂಜಿ, ಮೊಸರನ್ನ ತಿಂತಾನೆ, ಆದರೆ ಹೊಟ್ಟೆಯ ಮೇಲೆ ಕರುಳಿಗೆ ಮಾಡಿದ ಬಾಯಿ, ಅದೇ ಸ್ಟೋಮಾ, ಅದರ ಬ್ಯಾಗಿಗೇ ಹೋಗೋದು ಜಾಸ್ತಿ.

ಹೋದ ತಿಂಗಳು ಲೈನ್‌ಗೆ ಸೋಂಕಾಗಿ ಜ್ವರ ಬಂತು, ಅಡ್ಮಿಟ್ ಆದ. ಆಗಲೇ ಜಿಂಕ್, ಕಾಪರ್, ಸೆಲೆನಿಯಂ ಅಂತ ದೇಹಕ್ಕೆ ಚೂರೇ ಬೇಕಾದ ಖನಿಜಗಳ ರಕ್ತಪರೀಕ್ಷೆ ಎಲ್ಲ ಒಟ್ಟಿಗೆ ಮಾಡಿಸಿದ್ರು. ಸೆಲೆನಿಯಂ ಲೀಟರಿಗೆ 48 ಮೈಕ್ರೋಗ್ರಾಂ ಬಂದಿದೆ. ಲ್ಯಾಬ್‌ನವರು ಕೊಟ್ಟ ನಾರ್ಮಲ್ 70ರಿಂದ 150. ಅದೇ ದಿನದ ಸಿಆರ್‌ಪಿ (ಸೋಂಕು, ಉರಿಯೂತ ಎಷ್ಟಿದೆ ಅಂತ ತೋರಿಸುವ ರಕ್ತಪರೀಕ್ಷೆ) 64. ಡಾಕ್ಟರು "ಸೋಂಕು ಪೂರ್ತಿ ಇಳಿದ ಮೇಲೆ ಇನ್ನೊಮ್ಮೆ ನೋಡೋಣ" ಅಂದ್ರು. ನಮ್ಮ ಸೋದರಮಾವ "ಕಾಯೋದ್ಯಾಕೆ, ಸೆಲೆನಿಯಂ ಮಾತ್ರೆ ಅಂಗಡಿಯಲ್ಲೇ ಸಿಗುತ್ತೆ, ಶುರುಮಾಡು" ಅಂತಿದ್ದಾರೆ.

ಮೆಟ್ಟಿಲು ಹತ್ತುವಾಗ ತೊಡೆ ನೋವು ಅಂತ ಕೆಲವು ವಾರಗಳಿಂದ ಹೇಳ್ತಿದ್ದಾನೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ? ಕಾಯಬೇಕಾ, ಬೇಡವಾ? ತಿಳಿದವರು ದಯವಿಟ್ಟು ಹೇಳಿ.

ಹಸಿರುಮನೆ
ಅಕ್ಕ, ಬ್ರೆಜಿಲ್ ನಟ್ ದಿನಾ ಎರಡು ಕೊಡಿ ಸಾಕು. ಸೆಲೆನಿಯಂಗೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಆನ್‌ಲೈನ್‌ನಲ್ಲಿ ಸಿಗುತ್ತೆ.

ಡಯಟಿಷಿಯನ್ ಮೈಸೂರು
ಹಸಿರುಮನೆ ಅವರೇ, ಕರುಳು ಪೂರ್ತಿ ಇರುವವರಿಗೆ ನಿಮ್ಮ ಮಾತು ನಡೆಯುತ್ತೆ. ಇಲ್ಲಿ ತಿಂದದ್ದೇ ಸ್ಟೋಮಾಗೆ ಇಳಿದುಹೋಗ್ತಿದೆ. ಎಷ್ಟು ಹೀರಿಕೊಂಡಿತು ಅಂತ ಯಾರೂ ಹೇಳಲಾರರು. ಅದೂ ಅಲ್ಲದೆ ಬ್ರೆಜಿಲ್ ನಟ್‌ನಲ್ಲಿ ಸೆಲೆನಿಯಂ ಪ್ರಮಾಣ ಮರ ಬೆಳೆದ ಮಣ್ಣಿನ ಮೇಲೆ ಹೋಗುತ್ತೆ, ಒಂದು ಬೀಜಕ್ಕೂ ಇನ್ನೊಂದಕ್ಕೂ ಹತ್ತಾರು ಪಟ್ಟು ವ್ಯತ್ಯಾಸ ಇರಬಹುದು. ರಕ್ತನಾಳದ ಮೂಲಕವೇ ಆಹಾರ ಪಡೆಯುವವರಿಗೆ ಸೆಲೆನಿಯಂ ಕೂಡ ಆ ದಾರಿಯಲ್ಲೇ, ಅಳತೆ ಗೊತ್ತಿರುವ ಹಾಗೆ ಹೋಗಬೇಕು.

ತುಂಗಾತೀರ ಅವರೇ, ಈಗ ನಿಮಗೆ ಬರೋಣ. ಇಂಥ ಕೇಸ್‌ಗಳಲ್ಲಿ ನಾನು ರಕ್ತದ ರಿಪೋರ್ಟ್‌ಗಿಂತ ಮೊದಲು ಟಿಪಿಎನ್ ಬ್ಯಾಗ್ ನೋಡ್ತೀನಿ. ಎರಡು ವರ್ಷದಿಂದ ಒಳಗೆ ಹೋದದ್ದು ಎಷ್ಟು ಅಂತ ತಿಳಿದರೆ ಅರ್ಧ ಉತ್ತರ ಅಲ್ಲೇ ಇರುತ್ತೆ. ಹಾಗಾಗಿ ಇಷ್ಟು ಹೇಳಿ: ಬ್ಯಾಗ್ ಆಸ್ಪತ್ರೆ ಫಾರ್ಮಸಿಯಲ್ಲಿ ಬೆರೆಸಿ ಕೊಡೋದಾ ಅಥವಾ ಕಂಪನಿಯಿಂದಲೇ ಬರುವ, ಮೂರು ಭಾಗ ಇರುವ ತ್ರೀ ಚೇಂಬರ್ ಬ್ಯಾಗಾ? ಟ್ರೇಸ್ ಎಲಿಮೆಂಟ್ (ಈ ಖನಿಜಗಳ ಮಿಶ್ರಣ) ಯಾರು, ಯಾವಾಗ ಹಾಕ್ತಾರೆ? ಅದರ ವಯಲ್ (ಸೀಸೆ) ಮೇಲೆ ಸೆಲೆನಿಯಂ ಎಷ್ಟು ಅಂತ ಬರೆದಿದೆ? ಸ್ಟೋಮಾದಿಂದ ದಿನಕ್ಕೆ ಎಷ್ಟು ಹೋಗುತ್ತೆ? ಕರುಳಿನ ರಸದ ಜೊತೆಗೂ ಸೆಲೆನಿಯಂ ಹೊರಗೆ ಹೋಗುತ್ತೆ, ಅದಕ್ಕೇ ಕೇಳಿದ್ದು.

ಲ್ಯಾಬ್ ಮೇಷ್ಟ್ರು, ಬೆಂಗಳೂರು
ಬಯೋಕೆಮಿಸ್ಟ್ರಿ ನನ್ನ ವೃತ್ತಿ. ಆ 48ರ ಬಗ್ಗೆ ಮಾತ್ರ ಹೇಳ್ತೀನಿ.

ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವಭಾಗದಲ್ಲಿ, ಇರುವ ಸೆಲೆನಿಯಂನ ಅರ್ಧಕ್ಕಿಂತ ಹೆಚ್ಚು ಪಾಲು ಸೆಲೆನೊಪ್ರೋಟೀನ್ ಪಿ ಎಂಬ ಪ್ರೋಟೀನ್‌ನಲ್ಲಿರುತ್ತೆ. ಅದನ್ನು ತಯಾರಿಸೋದು ಮುಖ್ಯವಾಗಿ ಲಿವರ್. ಇನ್ನೊಂದು ಪಾಲು ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವದಲ್ಲಿ, ಪ್ಲಾಸ್ಮಾದಲ್ಲಿರುವ ಈ ಕಿಣ್ವ ಬರೋದು ಕಿಡ್ನಿಯಿಂದ. ಸೋಂಕು, ಉರಿಯೂತ ಇದ್ದಾಗ ಲಿವರ್ ಸೆಲೆನೊಪ್ರೋಟೀನ್ ಪಿ ತಯಾರಿಕೆ ಕಮ್ಮಿ ಮಾಡುತ್ತೆ. ಜೊತೆಗೆ ಪ್ಲಾಸ್ಮಾದ ಪ್ರೋಟೀನ್‌ಗಳು ರಕ್ತನಾಳದಿಂದ ಅಂಗಾಂಶಕ್ಕೆ ಸೋರುತ್ತವೆ. ದೇಹದ ಒಟ್ಟು ದಾಸ್ತಾನು ಹಾಗೇ ಇದ್ದರೂ ಪ್ಲಾಸ್ಮಾ ಅಂಕಿ ಬಿದ್ದುಹೋಗುತ್ತೆ. ಅಡುಗೆಮನೆಯ ಡಬ್ಬದಲ್ಲಿ ಅಕ್ಕಿ ಕಮ್ಮಿ ಕಂಡರೆ ಕಣಜ ಖಾಲಿ ಅಂತಲ್ಲ. ಖಾಲಿ ಇಲ್ಲ ಅಂತಲೂ ಅಲ್ಲ!

ಗ್ಲಾಸ್ಗೋದ ಸಂಶೋಧಕರು 2012ರಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ರಿಪೋರ್ಟ್ ಇಟ್ಟುಕೊಂಡು ಇದನ್ನೇ ಅಳೆದರು. ಸಿಆರ್‌ಪಿ 10ಕ್ಕಿಂತ ಕಮ್ಮಿ ಇದ್ದಾಗ ಮಾತ್ರ ಪ್ಲಾಸ್ಮಾ ಸೆಲೆನಿಯಂ ಮೇಲೆ ಭರವಸೆ ಇಟ್ಟು ತೀರ್ಮಾನ ಮಾಡಬಹುದು ಅಂತ ಅವರ ಲೆಕ್ಕ ಹೇಳಿತು. ಜಿಂಕ್‌ಗೆ ಈ ಮಿತಿ 20. ನಿಮ್ಮ ತಮ್ಮನಿಗೆ 64 ಇತ್ತು. ಆದ್ದರಿಂದ ಮತ್ತೊಮ್ಮೆ ನೋಡೋಣ ಅಂದ ಡಾಕ್ಟರ ಮಾತಿನಲ್ಲಿ ಹುರುಳಿದೆ.

ಹಾಗಂತ ಉರಿಯೂತದ ಹೆಸರು ಹೇಳಿ ಎಲ್ಲವನ್ನೂ ತಳ್ಳಿಹಾಕುವಂತಿಲ್ಲ. 0.4 ಮೈಕ್ರೋಮೋಲ್‌ಗಿಂತ, ಅಂದರೆ ಲೀಟರಿಗೆ ಸುಮಾರು 32 ಮೈಕ್ರೋಗ್ರಾಂಗಿಂತ ಕೆಳಗೆ ಹೋದರೆ ಸಿಆರ್‌ಪಿ ಎಷ್ಟೇ ಇರಲಿ, ಅದನ್ನು ಕೊರತೆ ಅಂತಲೇ ಪರಿಗಣಿಸಬೇಕು. ಯುರೋಪಿನ ಪೋಷಣಾ ಸಂಘ ಎಸ್ಪೆನ್ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಪ್ಲಾಸ್ಮಾ ಸೆಲೆನಿಯಂ ಜೊತೆಗೇ ಸಿಆರ್‌ಪಿ ನೋಡಿ ಅನ್ನುತ್ತೆ. ನಿಮ್ಮ 48 ಅಂದರೆ 0.6 ಮೈಕ್ರೋಮೋಲ್. ಇದು ನಡುವಿನ ಜಾಗ, ಒಂದೇ ರಿಪೋರ್ಟ್‌ನಿಂದ ಅತ್ತಲೂ ಇತ್ತಲೂ ಹೇಳಲಾಗದು.

ಇನ್ನು ಲ್ಯಾಬ್ ಕೊಡುವ ನಾರ್ಮಲ್ ವ್ಯಾಪ್ತಿ. ಅದು ಯಾವ ಊರಿನ ಆರೋಗ್ಯವಂತರಿಂದ ಬಂದದ್ದು ಅಂತ ಕೇಳಬೇಕು. ಮಣ್ಣಿನಲ್ಲಿ ಸೆಲೆನಿಯಂ ಜಾಸ್ತಿ ಇರುವ ಅಮೆರಿಕದ ಜನರ ಮಟ್ಟವೇ ಬೇರೆ, ಕಮ್ಮಿ ಇರುವ ಬ್ರಿಟನ್ನಿನವರದೇ ಬೇರೆ. ನಮ್ಮ ದೇಶದೊಳಗೇ ಪಂಜಾಬಿನ ಹೋಶಿಯಾರ್‌ಪುರ, ನವಾಂಶಹರ್ ಸುತ್ತ ಮಣ್ಣಿನಲ್ಲಿ ಸೆಲೆನಿಯಂ ವಿಷವಾಗುವಷ್ಟಿದೆ. ನನ್ನ ಮಟ್ಟಿಗೆ ಹೆಚ್ಚು ಅರ್ಥ ಇರೋದು ಕಿಣ್ವದ ಮಿತಿಗೆ. ಪ್ಲಾಸ್ಮಾ ಸೆಲೆನಿಯಂ ಸುಮಾರು 70ರಿಂದ 90 ತಲುಪಿದಾಗ ಆ ಪೆರಾಕ್ಸಿಡೇಸ್ ಕಿಣ್ವ ತನ್ನ ಪೂರ್ಣ ಮಟ್ಟಕ್ಕೆ ಬರುತ್ತೆ, ಅಲ್ಲಿಂದ ಮುಂದೆ ಏರಲ್ಲ.

ತುಂಗಾತೀರ, ಶಿವಮೊಗ್ಗ
ಮೇಷ್ಟ್ರೇ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ಮೇಡಂ, ನಮ್ಮದು ತ್ರೀ ಚೇಂಬರ್ ಬ್ಯಾಗ್. ರಾತ್ರಿ ನಡುವಿನ ಸೀಲ್ ಬಿಡಿಸಿ ಮೂರನ್ನೂ ಕಲೆಸಿ, ವಿಟಮಿನ್ ಮತ್ತು ಟ್ರೇಸ್ ಎಲಿಮೆಂಟ್ ನಾನೇ ಹಾಕ್ತೀನಿ, ಆಸ್ಪತ್ರೆಯಲ್ಲಿ ಕಲಿಸಿದ್ರು. ವಯಲ್ 10 ಎಂಎಲ್. ಅದರ ಮೇಲೆ ಸೆಲೆನಿಯಂ 32 ಮೈಕ್ರೋಗ್ರಾಂ ಅಂತ ಇದೆ. ಬ್ಯಾಗಿಗೊಂದು ವಯಲ್. ಆದರೆ ಮೊದಲ ಏಳೆಂಟು ತಿಂಗಳು ಬೇರೆ ಆಂಪೂಲ್ ಬರ್ತಿತ್ತು, ಅದರ ಖಾಲಿ ಡಬ್ಬಿ ಹುಡುಕಿ ತೆಗೆದೆ: ಜಿಂಕ್, ಕಾಪರ್, ಮ್ಯಾಂಗನೀಸ್, ಕ್ರೋಮಿಯಂ ಅಷ್ಟೇ ಇದೆ. ಸ್ಟೋಮಾದಿಂದ ದಿನಕ್ಕೆ ಒಂದೂವರೆ ಲೀಟರ್ ಆಸುಪಾಸು.

ಧಾರವಾಡ ಫಾರ್ಮಸಿ
ಅಕ್ಕಾರ, ಉತ್ತರ ನಿಮ್ಮ ಕೈಯಾಗಿರೋ ಡಬ್ಬಿ ಮ್ಯಾಲೇ ಐತಿ ನೋಡ್ರಿ.

ಮೊದಲನೇದು, ತ್ರೀ ಚೇಂಬರ್ ಬ್ಯಾಗಿನ್ಯಾಗ ಗ್ಲೂಕೋಸ್, ಅಮೈನೋ ಆಸಿಡ್, ಕೊಬ್ಬು ಇರ್ತಾವ, ಭಾಳ ಬ್ಯಾಗಿನ್ಯಾಗ ಲವಣಾನೂ ಇರ್ತಾವ. ಸೆಲೆನಿಯಂ ಇರಂಗಿಲ್ಲ, ವಿಟಮಿನ್ನೂ ಇರಂಗಿಲ್ಲ. ನಾವು ಹಾಕಿದ್ರ ಮಾತ್ರ ಉಂಟು. ಬ್ಯಾಗ್ ನೋಡಾಕ ತುಂಬಿದಂಗ ಕಾಣ್ತದ, ಅದಕ್ಕ ಎಲ್ಲಾ ಐತಿ ಅಂತ ಭಾಳ ಮಂದಿ ತಿಳ್ಕೊಂಡಿರ್ತಾರ.

ಎರಡನೇದು, ನಿಮ್ಮ ಆ ಹಳೇ ನಾಲ್ಕು ಧಾತುವಿನ ಆಂಪೂಲಿನ್ಯಾಗ ಸೆಲೆನಿಯಂ ಇಲ್ಲ. ಅಂದ್ರ ಮೊದಲಿನ ಏಳೆಂಟು ತಿಂಗಳು ನಿಮ್ಮ ತಮ್ಮಗ ನರದಾಗಿಂದ ಸೆಲೆನಿಯಂ ಸೊನ್ನೆ.

ಮೂರನೇದು ಲೆಕ್ಕ. 32 ಮೈಕ್ರೋಗ್ರಾಂ ಐದು ರಾತ್ರಿ ಹಾಕಿದ್ರ ವಾರಕ್ಕ 160. ಏಳರಿಂದ ಭಾಗಿಸ್ರಿ, ದಿನಕ್ಕ 23 ಮೈಕ್ರೋಗ್ರಾಂ ಬೀಳ್ತದ. ಎಸ್ಪೆನ್ ಈಗ ದೊಡ್ಡವರಿಗೆ ಹೇಳೋದು ದಿನಕ್ಕ 60ರಿಂದ 100. ಅಮೆರಿಕದ ಪೋಷಣಾ ಸಂಘ ಆಸ್ಪೆನ್ ಹೇಳೋದೂ ಅಷ್ಟ. ಮ್ಯಾಲೆ ಸ್ಟೋಮಾದಿಂದ ಹೊಕ್ಕೊಂತ ಐತಿ. 32ರ ವಯಲ್ ಹಳೇ ಲೆಕ್ಕದ್ದು ರೀ. ಆಮ್ಯಾಲೆ ಬಂದ ಹೊಸ ಮಿಶ್ರಣದಾಗ ಅದೇ 10 ಎಂಎಲ್‌ಗ 79 ಮೈಕ್ರೋಗ್ರಾಂ ಐತಿ. ಅದನ್ನ ಐದು ರಾತ್ರಿ ಹಾಕಿದ್ರೂ ದಿನಕ್ಕ 56 ಆಗ್ತದ. ವಯಲ್ ಎರಡೂ ಒಂದಾ ಥರ ಕಾಣ್ತಾವ, ಹೆಸರೂ ಹತ್ತಿರ ಹತ್ತಿರ, ಅಂಗಡ್ಯಾಗ ಯಾವುದು ಇತ್ತೋ ಅದನ್ನ ಕೊಡ್ತಾರ. ಪ್ರತಿ ಸಲ ಲೇಬಲ್ ಓದ್ರಿ.

ಡೋಸ್ ಹೆಚ್ಚು ಮಾಡಬೇಕಂತ ಎರಡು ವಯಲ್ ನೀವ ಹಾಕಬ್ಯಾಡ್ರಿ. ಅದರಾಗಿನ ಮ್ಯಾಂಗನೀಸ್, ಕಾಪರ್ ಎಲ್ಲಾನೂ ದುಪ್ಪಟ್ಟ ಆಗ್ತಾವ, ಲಿವರ್ ಸರಿ ಇಲ್ಲದವರಿಗೆ ಅದು ಕೆಟ್ಟದ್ದು. ಸೆಲೆನಿಯಂ ಒಂದಾ ಬೇರೆ ಇಂಜೆಕ್ಷನ್ ಸಿಗ್ತದೇನು ಅಂತ ಆಸ್ಪತ್ರೆಯವರ ಕೂಡ ಕೇಳ್ರಿ. ಸಿಕ್ರ ವಿಟಮಿನ್ ಸಿ ಇರೋ ಸಿರಿಂಜಿನ್ಯಾಗ ಸೆಲೆನಿಯಂ ಕೂಡಿಸಬ್ಯಾಡ್ರಿ, ಬ್ಯಾಗಿಗೆ ಬ್ಯಾರೆ ಬ್ಯಾರೆಯಾಗಿ ಹಾಕ್ರಿ. ಹುಳಿ ಹೆಚ್ಚಿದ್ದಲ್ಲಿ ವಿಟಮಿನ್ ಸಿ ಅದನ್ನ ಕರಗದ ಪುಡಿ ಮಾಡ್ತದ.

ಪ್ರಶ್ನೆ ಕೇಳೋನು
ಓದ್ತಾ ಇದ್ದೆ, ಒಂದು ಅನುಮಾನ. ಮೈಕ್ರೋಗ್ರಾಂ ಲೆಕ್ಕದ ವಸ್ತುವಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ಕಮ್ಮಿಯಾದರೆ ನಿಜವಾಗಿ ಏನಾಗುತ್ತೆ?

ಹೊಟ್ಟೆ ಡಾಕ್ಟರ್, ಮಂಗಳೂರು
ಜೀವವೇ ಹೋಗಬಹುದು. ಟಿಪಿಎನ್ ಇತಿಹಾಸದಲ್ಲೇ ಆಗಿದೆ.

1935ರಲ್ಲಿ ಚೀನಾದ ಕೆಶಾನ್ ಎಂಬ ಕೌಂಟಿಯಲ್ಲಿ ಹೃದಯದ ಸ್ನಾಯು ಸೋಲುವ ಕಾಯಿಲೆ ಗುಂಪುಗುಂಪಾಗಿ ಕಾಣಿಸಿತು. ಮುಖ್ಯವಾಗಿ ಮಕ್ಕಳು, ಹೆರುವ ವಯಸ್ಸಿನ ಹೆಂಗಸರು. ಆ ಪ್ರದೇಶದ ಮಣ್ಣಿನಲ್ಲೇ ಸೆಲೆನಿಯಂ ತೀರಾ ಕಮ್ಮಿ ಇತ್ತು. 1970ರ ದಶಕದಲ್ಲಿ ಸೋಡಿಯಂ ಸೆಲೆನೈಟ್ ಮಾತ್ರೆ ಕೊಟ್ಟು ನೋಡಿದರು, ಮಕ್ಕಳಲ್ಲಿ ಕಾಯಿಲೆ ಇಳಿಯಿತು. ಕೊರತೆಯ ಜೊತೆಗೆ ಕಾಕ್ಸ್‌ಸ್ಯಾಕಿ ವೈರಸ್ಸಿನ ಕೈವಾಡವೂ ಇತ್ತೆಂದು ಆಮೇಲೆ ತಿಳಿಯಿತು.

ಟಿಪಿಎನ್ ಲೋಕದ ಮೊದಲ ವರದಿ 1979ರದ್ದು, ನ್ಯೂಜಿಲೆಂಡಿನಿಂದ. ಅಲ್ಲಿನ ಮಣ್ಣೂ ಸೆಲೆನಿಯಂನಲ್ಲಿ ಬಡವೇ, ಕುರಿಮರಿಗಳ ಸ್ನಾಯು ಬೆಳ್ಳಗಾಗುವ ರೋಗ ಅಲ್ಲಿಯ ರೈತರಿಗೆ ಗೊತ್ತಿದ್ದದ್ದೇ. ಆಪರೇಷನ್ ಆಗಿ ಟಿಪಿಎನ್ ಮೇಲಿದ್ದ ರೋಗಿಗೆ ತೊಡೆಯ ಸ್ನಾಯುಗಳಲ್ಲಿ ನೋವು ಬಂತು, ನಡೆಯೋದು ಕಷ್ಟವಾಯಿತು. ದಿನಕ್ಕೆ 100 ಮೈಕ್ರೋಗ್ರಾಂ ಸೆಲೆನಿಯಂ ಕೊಟ್ಟರು, ನೋವು ಹೋಯಿತು. ತುಂಗಾತೀರ ಅವರು ತೊಡೆ ನೋವು ಅಂತ ಬರೆದದ್ದು ನೋಡಿದಾಗಲೇ ನನಗೆ ಈ ಕೇಸ್ ನೆನಪಾದದ್ದು. ಮುಂದೆ 1981, 1982ರಲ್ಲಿ ಅಮೆರಿಕದಲ್ಲಿ ಟಿಪಿಎನ್ ಮೇಲಿದ್ದವರ ಹೃದಯ ಸೋತ ವರದಿಗಳು ಬಂದವು, ಸಾವೂ ಆಗಿತ್ತು. ಮಕ್ಕಳಲ್ಲಿ ಕೂದಲಿನ ಬಣ್ಣ ಇಳಿಯುವುದು, ಉಗುರಿನ ಬುಡ ಬೆಳ್ಳಗಾಗುವುದು, ಕೆಂಪು ರಕ್ತಕಣದ ಗಾತ್ರ ಹೆಚ್ಚುವುದು ಎಲ್ಲ ದಾಖಲಾಗಿದೆ.

ಈಗ ಇದೆಲ್ಲ ಹಳೆ ಕಾಲದ ಕತೆ ಅಂತ ಅಂದುಕೊಳ್ಳುವುದು ಬೇಡ. ಜಪಾನಿನಲ್ಲಿ ಮಾರುಕಟ್ಟೆಯ ಟ್ರೇಸ್ ಎಲಿಮೆಂಟ್ ಮಿಶ್ರಣದಲ್ಲಿ ವರ್ಷಾನುಗಟ್ಟಲೆ ಸೆಲೆನಿಯಂ ಇರಲೇ ಇಲ್ಲ, ಆಸ್ಪತ್ರೆಗಳೇ ತಯಾರಿಸಿಕೊಳ್ಳುತ್ತಿದ್ದವು. ಪ್ರತ್ಯೇಕ ಇಂಜೆಕ್ಷನ್‌ಗೆ ಒಪ್ಪಿಗೆ ಸಿಕ್ಕಿದ್ದು 2019ರಲ್ಲಿ. ಅಮೆರಿಕದಲ್ಲಿ 2010ರ ನಂತರ ಔಷಧಿ ಕೊರತೆ ಬಂದಾಗ ಟಿಪಿಎನ್ ಮಕ್ಕಳಿಗೆ ಮತ್ತೆ ಇದೇ ಕೊರತೆ ಕಾಣಿಸಿತು.

ತುಂಗಾತೀರ ಅವರಿಗೆ ನನ್ನ ಮಾತು: ಲ್ಯಾಬ್ ಮೇಷ್ಟ್ರು ಹೇಳಿದ್ದು ಸರಿ, ಆದರೆ ಮರುಪರೀಕ್ಷೆ ಆಗುವ ತನಕ ಸುಮ್ಮನೆ ಕೂರುವ ಕೇಸ್ ಇದಲ್ಲ. ಎಂಟು ತಿಂಗಳು ಸೊನ್ನೆ, ಆಮೇಲೆ ದಿನಕ್ಕೆ 23, ಒಂದೂವರೆ ಲೀಟರ್ ಸ್ಟೋಮಾ, ತೊಡೆ ನೋವು. ಇಷ್ಟು ಕಂಡಮೇಲೆ ರಕ್ತದ ಅಂಕಿ 48 ಇರಲಿ 68 ಇರಲಿ, ಬ್ಯಾಗಿಗೆ ಹಾಕುವುದು ಸಾಲದು ಎಂಬುದು ಸ್ಪಷ್ಟ. ಈ ವಾರವೇ ನಿಮ್ಮ ಡಾಕ್ಟರಿಗೆ ಎರಡೂ ಡಬ್ಬಿ ತೋರಿಸಿ. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ, ಸಿಪಿಕೆ (ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ತೋರಿಸುವ ರಕ್ತಪರೀಕ್ಷೆ) ನೋಡಿಸಿ. ಥೈರಾಯ್ಡ್ ಕೂಡ ನೋಡಲಿ, ಟಿ4ನ್ನು ಟಿ3 ಮಾಡುವ ಕಿಣ್ವಕ್ಕೂ ಸೆಲೆನಿಯಂ ಬೇಕು. ತೊಡೆ ನೋವಿಗೆ ವಿಟಮಿನ್ ಡಿ, ಪೊಟ್ಯಾಸಿಯಂ, ಮೆಗ್ನೀಸಿಯಂ, ಫಾಸ್ಫೇಟ್ ಕೂಡ ಕಾರಣ ಆಗಬಹುದು ಮಾರಾಯ್ರೆ, ಅದನ್ನೂ ಬಿಡಬಾರದು. ಉಸಿರು ಕಟ್ಟುವುದು, ಕಾಲು ಊದುವುದು, ಎದೆ ಬಡಿತ ಹೆಚ್ಚುವುದು ಕಂಡರೆ ಅಪಾಯಿಂಟ್‌ಮೆಂಟ್ ಕಾಯದೆ ಹೊರಡಿ.

ಲ್ಯಾಬ್ ಮೇಷ್ಟ್ರು, ಬೆಂಗಳೂರು
ಡಾಕ್ಟರ್ ಸರ್ ಮಾತನ್ನು ಒಪ್ತೀನಿ. ಬ್ಯಾಗಿನ ವಿವರ ಬರುವ ಮುಂಚೆ ನಾನು ಬರೆದದ್ದು ಅದು. ಒಳಗೆ ಹೋದದ್ದೇ ಕಮ್ಮಿ ಅಂತ ಗೊತ್ತಾದ ಮೇಲೆ ಆ 48ನ್ನು ಬರೀ ಉರಿಯೂತದ ತಲೆಗೆ ಕಟ್ಟಲಾಗದು.

ಸಾಧ್ಯವಾದರೆ ಇನ್ನೊಂದು ಕೇಳಿ ನೋಡಿ: ಕೆಂಪು ರಕ್ತಕಣದೊಳಗಿನ ಸೆಲೆನಿಯಂ. ಉರಿಯೂತಕ್ಕೆ ಅದು ಹೀಗೆ ಏರಿಳಿಯಲ್ಲ. ಕಣದ ಆಯುಸ್ಸು ಸುಮಾರು 120 ದಿನ, ಹಾಗಾಗಿ ಹಿಂದಿನ ಕೆಲವು ತಿಂಗಳ ಸ್ಥಿತಿ ಅದರಲ್ಲಿ ಕಾಣುತ್ತೆ. ಎಲ್ಲ ಲ್ಯಾಬ್‌ಗಳೂ ಮಾಡಲ್ಲ. ಪ್ಲಾಸ್ಮಾ ಪೆರಾಕ್ಸಿಡೇಸ್ ಕಿಣ್ವ ಡೋಸ್ ಬದಲಾದ ಮೇಲೆ ಬೇಗ ಸ್ಪಂದಿಸುತ್ತೆ, ಆದರೆ ಅದು ಕಿಡ್ನಿಯಿಂದ ಬರೋದರಿಂದ ಕಿಡ್ನಿ ಸೋತವರಲ್ಲಿ ಸೆಲೆನಿಯಂ ಸಾಕಷ್ಟಿದ್ದರೂ ಕಮ್ಮಿ ತೋರಿಸುತ್ತೆ.

ಮ್ಯಾಂಚೆಸ್ಟರ್ ನರ್ಸ್
ನಮಸ್ಕಾರ, ಮೂಲ ಹಾಸನ, ಇಲ್ಲಿ ಮನೆ-ಟಿಪಿಎನ್ ರೋಗಿಗಳ ತಂಡದಲ್ಲಿದ್ದೀನಿ. ರಕ್ತ ತೆಗೆಯುವಾಗಿನ ವಿಷಯ ಯಾರೂ ಹೇಳಲಿಲ್ಲ ಅಂತ ಬರೀತಿದ್ದೀನಿ.

ಅಕ್ಕ, ಟಿಪಿಎನ್ ಓಡುವಾಗ ಅದೇ ಲೈನಿಂದ ಸ್ಯಾಂಪಲ್ ತೆಗೆಯೋಕೆ ಬಿಡಬೇಡಿ. ಬ್ಯಾಗಿನಲ್ಲಿರೋದೇ ಟ್ಯೂಬಿಗೆ ಬರುತ್ತೆ. ರಾತ್ರಿ ಬ್ಯಾಗ್ ಮುಗಿದು, ಲೈನ್ ಫ್ಲಶ್ ಆಗಿ, ಕೆಲವು ಗಂಟೆ ಕಳೆದ ಮೇಲೆ ಕೈಯಿಂದ ತೆಗೆಸಿ. ನಿಮಗೆ ಬಿಡುವಿನ ರಾತ್ರಿ ಎರಡಿವೆಯಲ್ಲ, ಅದರ ಮರುದಿನ ಬೆಳಿಗ್ಗೆ ಇನ್ನೂ ಒಳ್ಳೇದು. ಪ್ರತಿ ಸಲವೂ ಅದೇ ಹೊತ್ತು ಇರಲಿ. ಟ್ರೇಸ್ ಎಲಿಮೆಂಟ್‌ಗೆ ಕಡುನೀಲಿ ಮುಚ್ಚಳದ ಟ್ಯೂಬ್ ಬರುತ್ತೆ, ಅದನ್ನೇ ಕೇಳಿ. ಮಾಮೂಲಿ ಟ್ಯೂಬಿನ ರಬ್ಬರ್ ಜಿಂಕ್ ಫಲಿತಾಂಶವನ್ನು ಹೆಚ್ಚು ಕೆಡಿಸುತ್ತೆ, ಆದರೆ ಎಲ್ಲ ಒಂದೇ ಟ್ಯೂಬಿಂದ ಮಾಡ್ತಾರೆ.

ಇನ್ನೊಂದು, ಎಂಆರ್‌ಐಗೆ ಗ್ಯಾಡೋಲಿನಿಯಂ ಬಣ್ಣ ಹಾಕಿದ್ರಾ? ಹಾಕಿದ್ರೆ ಕನಿಷ್ಠ ನಾಲ್ಕು ದಿನ ಕಳೆದ ಮೇಲೆ ಸೆಲೆನಿಯಂ ಪರೀಕ್ಷೆ. ಇಲ್ಲದಿದ್ರೆ ಸುಳ್ಳೇ ಹೆಚ್ಚು ತೋರಿಸಬಹುದು.

ಲ್ಯಾಬ್ ಮೇಷ್ಟ್ರು, ಬೆಂಗಳೂರು
ಮ್ಯಾಂಚೆಸ್ಟರ್ ಸಿಸ್ಟರ್, ಇದನ್ನು ನಾನೇ ಬರೆಯಬೇಕಿತ್ತು, ಒಳ್ಳೆಯದಾಯಿತು. ಈ ಪರೀಕ್ಷೆ ಮಾಡುವ ಐಸಿಪಿ-ಎಂಎಸ್ ಯಂತ್ರ ಪರಮಾಣುಗಳನ್ನು ದ್ರವ್ಯರಾಶಿಯ ಮೇಲೆ ಬೇರ್ಪಡಿಸಿ, ಸೆಲೆನಿಯಂನ್ನು 78ರಲ್ಲಿ ಎಣಿಸುತ್ತೆ. ಯಂತ್ರ ನೋಡೋದು ದ್ರವ್ಯರಾಶಿಯನ್ನು ವಿದ್ಯುದಂಶದಿಂದ ಭಾಗಿಸಿ, ಹಾಗಾಗಿ ಗ್ಯಾಡೋಲಿನಿಯಂ 156 ಎರಡು ಎಲೆಕ್ಟ್ರಾನ್ ಕಳೆದುಕೊಂಡರೆ ಅದೂ 78 ಅಂತಲೇ ಕಾಣುತ್ತೆ. ಕೊರತೆ ಇರುವವರ ರಿಪೋರ್ಟ್ ನಾರ್ಮಲ್ ಅಂತ ಬರೋದು ಹೀಗೆ. ಕರುಳಿನ ರೋಗಿಗಳಿಗೆ ಎಂಆರ್‌ಐ ಆಗಾಗ ಆಗುತ್ತೆ, ಆದರೂ ಫಾರಂ ತುಂಬುವಾಗ ಯಾರೂ ಇದನ್ನು ಕೇಳಲ್ಲ. ಕೇಳಲೇಬೇಕು.

ಹಸಿರುಮನೆ
ಮೇಡಂ ಹೇಳಿದ್ದು ಅರ್ಥವಾಯ್ತು. ಆದರೆ ಹೆಚ್ಚಾದರೆ ವಿಷ ಅಂತಾರಲ್ಲ, 100 ಮೈಕ್ರೋಗ್ರಾಂ ಜಾಸ್ತಿ ಆಗಲ್ವಾ?

ಡಯಟಿಷಿಯನ್ ಮೈಸೂರು
ಒಳ್ಳೆ ಪ್ರಶ್ನೆ. ದೊಡ್ಡವರಿಗೆ ದಿನಕ್ಕೆ ಮೀರಬಾರದ ಮಿತಿ ಅಂತ ಅಮೆರಿಕದವರು 400 ಇಟ್ಟಿದ್ದಾರೆ, ಯುರೋಪಿನವರು 2023ರಲ್ಲಿ ತಮ್ಮ ಮಿತಿಯನ್ನು 255ಕ್ಕೆ ಇಳಿಸಿದರು. ಇವು ಬಾಯಿಯ ಮೂಲಕ ಹೋಗುವ ಲೆಕ್ಕ ಅನ್ನೋದು ನೆನಪಿರಲಿ. 60ರಿಂದ 100 ಅದಕ್ಕೆ ಎಷ್ಟೋ ಕೆಳಗಿದೆ. 2008ರಲ್ಲಿ ಅಮೆರಿಕದಲ್ಲಿ ಒಂದು ಪೂರಕ ಆಹಾರದ ದ್ರವಕ್ಕೆ ತಪ್ಪಿ ಇನ್ನೂರು ಪಟ್ಟು ಸೆಲೆನಿಯಂ ಬಿದ್ದು ಸುಮಾರು ಇನ್ನೂರು ಜನ ಕಾಯಿಲೆ ಬಿದ್ದರು, ಅವರಲ್ಲಿ ಬಹಳ ಜನರಿಗೆ ಕೂದಲು ಉದುರಿತು, ಉಗುರು ಕೆಟ್ಟಿತು. ಸೋದರಮಾವ ಹೇಳಿದ ಅಂಗಡಿ ಮಾತ್ರೆಗೆ ನಾನು ಬೇಡ ಅನ್ನೋದು ಇದಕ್ಕೇ. ಒಳಗಿರೋದು ಲೇಬಲ್‌ನಷ್ಟೇ ಅನ್ನೋ ಖಾತರಿ ಇಲ್ಲ, ಹೀರಿಕೊಳ್ಳೋದರ ಖಾತರಿ ಮೊದಲೇ ಇಲ್ಲ. ಸೆಲೆನಿಯಂ ಮೂತ್ರದಲ್ಲಿ ಹೊರಹೋಗೋದರಿಂದ ಕಿಡ್ನಿ ಸರಿ ಇಲ್ಲದವರಲ್ಲಿ ಇನ್ನೂ ಎಚ್ಚರ ಬೇಕು. ಉಸಿರಿನಲ್ಲಿ ಬೆಳ್ಳುಳ್ಳಿ ವಾಸನೆ ಬಂದರೆ ಹೆಚ್ಚಾಗಿದೆ ಅಂತ ಅನುಮಾನ ಪಡಬೇಕು.

ತುಂಗಾತೀರ, ಶಿವಮೊಗ್ಗ
ಎಲ್ಲರಿಗೂ ಮತ್ತೆ ನಮಸ್ಕಾರ, ಏನಾಯ್ತು ಅಂತ ತಿಳಿಸೋಣ ಅಂತ ಬಂದೆ.

ಎರಡೂ ಡಬ್ಬಿ ಹಿಡ್ಕೊಂಡು ಹೋದೆ. ಡಾಕ್ಟರು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಓದಿ, ಅಲ್ಲೇ ಫಾರ್ಮಸಿಗೆ ಫೋನ್ ಮಾಡಿದ್ರು. ಈಗ 79 ಇರುವ ವಯಲ್ ಬರ್ತಿದೆ, ಅದರ ಮೇಲೆ ಕೆಲವು ವಾರ ಸೆಲೆನಿಯಂ ಒಂದನ್ನೇ ಹೆಚ್ಚುವರಿ ಬರೆದಿದ್ದಾರೆ. ಎಕೋ ಮಾಡಿದ್ರು, ಹೃದಯ ಚೆನ್ನಾಗಿದೆ ಅಂದ್ರು, ಆ ರಾತ್ರಿ ನಾವೆಲ್ಲ ನೆಮ್ಮದಿಯಾಗಿ ಮಲಗಿದ್ವಿ. ಸಿಪಿಕೆ ಸ್ವಲ್ಪ ಹೆಚ್ಚಿತ್ತು. ವಿಟಮಿನ್ ಡಿ ಕೂಡ ಕಮ್ಮಿ ಇತ್ತು, ಅದಕ್ಕೂ ಔಷಧಿ ಕೊಟ್ಟಿದ್ದಾರೆ.

ಹೊಸ ಡೋಸ್ ಶುರುಮಾಡುವ ಮುಂಚೆ ರಕ್ತ ತೆಗೆಸಿದ್ವಿ, ಬಿಡುವಿನ ರಾತ್ರಿಯ ಮರುದಿನ, ಕೈಯಿಂದ, ನೀಲಿ ಟ್ಯೂಬಿನಲ್ಲಿ. ಸಿಆರ್‌ಪಿ 6ಕ್ಕೆ ಇಳಿದಿತ್ತು. ಸೆಲೆನಿಯಂ 55. ಅಂದರೆ ಸೋಂಕಿನಿಂದ ಸ್ವಲ್ಪ ಬಿದ್ದಿತ್ತು, ಕೊರತೆಯೂ ಇತ್ತು, ಎರಡೂ ನಿಜ ಅಂತ ಡಾಕ್ಟರು ಅಂದ್ರು. ತೊಡೆ ನೋವು ಈಗ ಕಮ್ಮಿ. ಸೆಲೆನಿಯಂನಿಂದಲೋ ವಿಟಮಿನ್ ಡಿಯಿಂದಲೋ ಹೇಳೋಕಾಗಲ್ಲ ಅಂತಾರೆ. ಮುಂದಿನ ಪರೀಕ್ಷೆ ಯಾವಾಗ ಮಾಡಿಸೋದು ಒಳ್ಳೇದು?

ಮ್ಯಾಂಚೆಸ್ಟರ್ ನರ್ಸ್
ತುಂಬಾ ಖುಷಿಯಾಯ್ತು ಅಕ್ಕ. ಡೋಸ್ ಬದಲಾಗಿದೆ, ಹಾಗಾಗಿ ಮೂರು ತಿಂಗಳಿಗೆ ಒಮ್ಮೆ ನೋಡಲಿ. ಸ್ಥಿರವಾದ ಮೇಲೆ ನಾವಿಲ್ಲಿ ಆರು ತಿಂಗಳಿಗೊಮ್ಮೆ ಮಾಡ್ತೀವಿ. ನಡುವೆ ವಯಲ್ ಬ್ರ್ಯಾಂಡ್ ಬದಲಾದರೆ, ರಾತ್ರಿಗಳ ಸಂಖ್ಯೆ ಬದಲಾದರೆ, ಸ್ಟೋಮಾ ಔಟ್‌ಪುಟ್ ಏರಿದರೆ ಆರು ತಿಂಗಳು ಕಾಯಬೇಡಿ. ವಾರಕ್ಕೆ ಐದರ ಬದಲು ನಾಲ್ಕು ರಾತ್ರಿ ಮಾಡೋಣ ಅಂತ ಮುಂದೆ ಹೇಳಬಹುದು, ತಮ್ಮ ಚೇತರಿಸಿಕೊಂಡಾಗ. ಆಗ ನೀರು, ಕ್ಯಾಲರಿ ಲೆಕ್ಕ ಎಲ್ಲರೂ ಹಾಕ್ತಾರೆ, ಸೆಲೆನಿಯಂ ಲೆಕ್ಕವನ್ನು ನೀವೇ ನೆನಪಿಸಿ ಕೇಳಿ.

ಲ್ಯಾಬ್ ಮೇಷ್ಟ್ರು, ಬೆಂಗಳೂರು
ಪ್ರತಿ ಸಲವೂ ಅದೇ ಲ್ಯಾಬ್, ಅದೇ ದಿನ ಸಿಆರ್‌ಪಿ. ಸೋಂಕಿನ ನಡುವೆ ತುರ್ತು ಇಲ್ಲದಿದ್ದರೆ ಮಾಡಿಸಬೇಡಿ. ಒಂದು ನೋಟ್‌ಬುಕ್‌ನಲ್ಲಿ ದಿನಾಂಕ, ಸೆಲೆನಿಯಂ, ಸಿಆರ್‌ಪಿ, ಆ ತಿಂಗಳು ಯಾವ ವಯಲ್, ವಾರಕ್ಕೆ ಎಷ್ಟು ರಾತ್ರಿ, ಇಷ್ಟನ್ನೂ ಒಂದೇ ಸಾಲಿನಲ್ಲಿ ಬರೆದಿಡಿ. 48, 64 ಒಂದು ಸಾಲು. 55, 6 ಇನ್ನೊಂದು. ಮೂರನೆಯದು ಬಂದಾಗ ಇಲ್ಲೇ ಹಾಕಿ, ನೋಡೋಣ.